ಬ್ಯಾಟರಿ ಗಾಡಿ ಕಲಿಯಲು ಹೋದವನು

ಯಶವಂತಪುರ

ವಿದೇಶಕ್ಕೆ ಹೋಗಿ ಬಂದವರು ವಿಮಾನದ ಕಿಟಕಿಯಿಂದ ಕಥೆ ಶುರು ಮಾಡುವುದು ವಾಡಿಕೆ. ನನ್ನ ಕಥೆ ತಗಡಿನ ಶೆಡ್ಡಿನಿಂದಲೇ ಶುರುವಾಗಬೇಕು. ಏಕೆಂದರೆ ಇಂಗ್ಲೆಂಡಿನಲ್ಲಿ ಇದ್ದ ದಿನವೆಲ್ಲ ನಾನು ಯೋಚಿಸಿದ್ದು ಆ ಶೆಡ್ಡನ್ನೇ. ಕ್ಯಾಮೆರಾ ಒಯ್ದಿದ್ದೆ, ಒಂದು ಸುರುಳಿಯೂ ಮುಗಿಯಲಿಲ್ಲ.

ಪೆಟ್ರೋಲಿನ ಬೆಲೆ ಏರಿ ಎಲ್ಲರೂ ತಲೆಯ ಮೇಲೆ ಕೈ ಹೊತ್ತುಕೊಂಡಿದ್ದ ಕಾಲ. ಎಪ್ಪತ್ತರ ದಶಕ ಮುಗಿದು ಎಂಬತ್ತರದು ಆಗತಾನೆ ಹಿಡಿದಿತ್ತು. ಯಶವಂತಪುರದಲ್ಲಿ, ತುಮಕೂರು ರಸ್ತೆಯ ಮಗ್ಗುಲಿಗೆ, ನಾವು ಇಪ್ಪತ್ತು ಮಂದಿ ಸೇರಿ ಬ್ಯಾಟರಿಯಿಂದ ಓಡುವ ವ್ಯಾನು ಕಟ್ಟುತ್ತಿದ್ದೆವು. ಮಾಲೀಕರು ಮುನಿಯಪ್ಪನವರು, ಮಾಕಳಿ ಕಡೆಯ ಒಕ್ಕಲು ಮನೆತನದವರು. ಸುತ್ತಮುತ್ತಲ ರಾಗಿ ಹೊಲಗಳೆಲ್ಲ ಕಾರ್ಖಾನೆಗಳಾದದ್ದನ್ನು ನೋಡಿ, ತಾವೂ ಒಂದು ಕಾರ್ಖಾನೆ ಇಡಬೇಕೆಂದು ಹಟ ಹಿಡಿದವರು. ನಾನು ಗದಗ ಕಡೆಯವನು. ಐಟಿಐ ಮುಗಿಸಿ ಕೆಲಸ ಹುಡುಕಿಕೊಂಡು ಬಂದು ಅವರಲ್ಲಿ ಮೇಸ್ತ್ರಿಯಾಗಿದ್ದೆ.

ನಮ್ಮ ವ್ಯಾನನ್ನು ನಾನೇ ಹೊಗಳಿಕೊಳ್ಳಬಾರದು. ಹೊಸ ಗಾಡಿಗಳ ಬಗ್ಗೆ ಪತ್ರಿಕೆಗೆ ಬರೆಯುವವರೊಬ್ಬರು ಬಂದು, ಯಶವಂತಪುರದಿಂದ ಹೆಬ್ಬಾಳದವರೆಗೆ ಓಡಿಸಿ ನೋಡಿ, ‘ಸದ್ದಿಲ್ಲ, ಹೊಗೆಯಿಲ್ಲ, ಅವಸರವೂ ಇಲ್ಲ’ ಎಂದು ಬರೆದರು. ಹೆಬ್ಬಾಳದ ದಿಣ್ಣೆಯಲ್ಲಿ ಸೈಕಲ್ಲಿನವನೊಬ್ಬ ನಮ್ಮನ್ನು ದಾಟಿ ಹೋಗಿ, ಯಾರಾದರೂ ಸತ್ತಿದ್ದಾರೋ ಏನೋ ಎಂಬಂತೆ ತಿರುಗಿ ನೋಡಿದ್ದನ್ನು ಅವರು ಬರೆಯಲಿಲ್ಲ. ಮರ್ಯಾದಸ್ಥರು. ವ್ಯಾನಿನ ಮೈಮೇಲಿದ್ದ ಕನ್ನಡ ಅಕ್ಷರಗಳನ್ನು ಮಾತ್ರ ಬಾಯಿ ತುಂಬ ಹೊಗಳಿದರು. ಅವನ್ನು ಬರೆದವನು ನನ್ನ ಹೆಂಡತಿಯ ತಮ್ಮ ಈರಣ್ಣ.

ಈರಣ್ಣನನ್ನು ಊರಿನಿಂದ ಕರೆತಂದು ಕೆಲಸಕ್ಕೆ ಸೇರಿಸಿದವನು ನಾನೇ. ಅವನ ಕೈ ಅಂದರೆ ಕೈ. ಕುಂಚ ಹಿಡಿದರೆ ಗೆರೆ ಅಲುಗುತ್ತಿರಲಿಲ್ಲ. ಅಂಥ ಸ್ಥಿರವಾದ ಕೈ ಸೀಸದ ಶೆಡ್ಡಿಗೆ ಬೇಕೆಂದು ನಾನೇ ಅವನನ್ನು ಅಲ್ಲಿ ಹಾಕಿದೆ. ಕೊಳ್ಳಲು ಹೋದರೆ ಬೇಕೆಂದಾಗ ಬ್ಯಾಟರಿ ಸಿಗದ ಕಾಲ ಅದು. ಹಾಗಾಗಿ ಹಿಂದಿನ ಶೆಡ್ಡಿನಲ್ಲಿ ಸೀಸ ಕಾಯಿಸಿ, ಅಚ್ಚಿಗೆ ಹೊಯ್ದು, ಬ್ಯಾಟರಿಯೊಳಗಿನ ಪ್ಲೇಟುಗಳನ್ನು ನಾವೇ ಮಾಡಿಕೊಳ್ಳುತ್ತಿದ್ದೆವು. ಪ್ಲೇಟಿನ ಜಾಲರಿಗೆ ಸೀಸದ ಪುಡಿಯನ್ನು ಕಲಸಿ ಮೆತ್ತುವುದು, ಒಣಗಿದ ಮೇಲೆ ಉಜ್ಜಿ ನಯ ಮಾಡುವುದು, ಎಲ್ಲ ಕೈಯಲ್ಲೇ. ಸಂಜೆಯ ಹೊತ್ತಿಗೆ ಆರು ಜನರೂ ಹಿಟ್ಟಿನ ಗಿರಣಿಯಿಂದ ಬಂದವರ ಹಾಗೆ ಕಾಣುತ್ತಿದ್ದರು.

ಅದಕ್ಕೆ ನಾನು ಒಂದು ಉಪಾಯ ಮಾಡಿದ್ದೆ. ನಮ್ಮ ಸೀಮೆಯಲ್ಲಿ ಬಿಸಿಲಲ್ಲಿ ದಣಿದು ಬಂದವರಿಗೆ ಮೊದಲು ಬೆಲ್ಲ, ನೀರು ಕೊಡುವುದು ಪದ್ಧತಿ. ಧೂಳಿನ ಕೆಲಸದವರು ಬೆಲ್ಲ ತಿಂದರೆ ಒಳಗೆ ಹೋದ ಧೂಳೆಲ್ಲ ಇಳಿದುಹೋಗುತ್ತದೆ ಎಂಬ ನಂಬಿಕೆಯೂ ಇದೆ. ಯಶವಂತಪುರದ ಮಾರುಕಟ್ಟೆ ಯಾರ್ಡಿನಿಂದ ಅಚ್ಚು ಬೆಲ್ಲ ತರಿಸಿ ಶೆಡ್ಡಿನಲ್ಲಿ ಒಂದು ಡಬ್ಬಿ ಇಟ್ಟೆ. ದಿನವೂ ಸಂಜೆ ಐದಕ್ಕೆ ನನ್ನ ಕೈಯಾರೆ ಒಬ್ಬೊಬ್ಬರಿಗೂ ಒಂದೊಂದು ಅಚ್ಚು ಕೊಡುತ್ತಿದ್ದೆ, ನಾನೂ ಒಂದು ಬಾಯಿಗೆ ಹಾಕಿಕೊಳ್ಳುತ್ತಿದ್ದೆ. ಬೇರೆ ಕಾರ್ಖಾನೆಯವರು ಇದನ್ನು ಕೇಳಿ ನಮ್ಮವರ ಮೇಲೆ ಹೊಟ್ಟೆಕಿಚ್ಚು ಪಡುತ್ತಿದ್ದರು. ನನಗೆ ಬಹಳ ಹೆಮ್ಮೆಯಿತ್ತು.

ಇಂಗ್ಲೆಂಡಿನಲ್ಲಿ ಹಾಲು ಹಂಚುವ ಬ್ಯಾಟರಿ ಗಾಡಿಗಳಿಗೆ ಬ್ಯಾಟರಿ ಮಾಡಿಕೊಡುವ ಒಂದು ಕಾರ್ಖಾನೆ, ಆರು ವಾರ ಒಬ್ಬನಿಗೆ ಕೆಲಸ ಕಲಿಸಲು ಒಪ್ಪಿತು. ಮುನಿಯಪ್ಪನವರು ನನ್ನನ್ನು ಆರಿಸಿದರು.

“ಓಗಿ ಎಲ್ಲಾ ಕಲ್ತ್ಕೊಂಡ್ ಬಾರಯ್ಯಾ. ಅವ್ರ್ ಬ್ಯಾಟ್ರಿ ಐದಾರ್ ವರ್ಸ ಬಾಳ್ತದಂತೆ. ನಮ್ದು ಎಲ್ಡೇ ವರ್ಸಕ್ಕೆ ಮಕಾಡೆ ಮಲಗ್ತದೆ. ಅದೇನ್ ಗುಟ್ಟೋ ತಿಳ್ಕೊಂಡ್ ಬಾ” ಎಂದರು.

ಹೊರಡುವ ಹಿಂದಿನ ದಿನ ಈರಣ್ಣನ ಮನೆಯಲ್ಲಿ ಊಟ. ಅವನಿಗೆ ನಾಲ್ಕು ವರ್ಷದ ಮಗಳು, ಗಂಗಾ. ನಮಗೆ ಮಕ್ಕಳಿಲ್ಲದ್ದರಿಂದ ಅವಳು ಎರಡೂ ಮನೆಯ ಮಗು. ಈರಣ್ಣನಿಗೆ ಕೆಲವು ತಿಂಗಳಿಂದ ಹೊಟ್ಟೆನೋವು. ಓಂಕಾಳು, ಬಿಸಿನೀರು ನಡೆದಿತ್ತು. ಅವತ್ತು ಊಟವಾದ ಮೇಲೆ ಚಹದ ಬಟ್ಟಲು ಅವನ ಕೈಯಿಂದ ಜಾರಿ ನನ್ನ ಹೊಸ ಪ್ಯಾಂಟಿನ ಮೇಲೆ ಬಿತ್ತು. ಆ ವಾರದಲ್ಲಿ ಅದು ಮೂರನೆಯದು ಎಂದು ಅವನ ಹೆಂಡತಿ ಅಂದಳು.

“ಏನೋ ಈರಣ್ಣಾ, ಒಂದ್ ಬಟ್ಟಲಾ ಹಿಡಿಯಾಕ ಬರಂಗಿಲ್ಲೇನ ನಿನಗ?” ಎಂದು ನಾನು ಚೇಷ್ಟೆ ಮಾಡಿದೆ.

“ಕೈ ಸೋತಾವ್ರೀ ಮಾಮಾ. ದಣಿವು, ಮತ್ತೇನಿಲ್ಲ” ಎಂದು ಅವನೂ ನಕ್ಕ.

ಬೆಲ್ಲದ ಡಬ್ಬಿಯ ಜವಾಬ್ದಾರಿಯನ್ನು ಅವನಿಗೆ ಒಪ್ಪಿಸಿ ನಾನು ವಿಮಾನ ಹತ್ತಿದೆ.

ಮೊದಲ ವಾರ: ನರ್ಸಿನ ಕೋಣೆ

ಊರು ಬರ್ಮಿಂಗ್‌ಹ್ಯಾಮಿನಿಂದ ಮುಕ್ಕಾಲು ಗಂಟೆಯ ದಾರಿ. ಮಳೆ ಎಂದರೆ ಮಳೆಯಲ್ಲ, ಆಕಾಶ ಮೂಗು ಸೋರಿಸಿಕೊಂಡು ಕೂತ ಹಾಗೆ. ನನಗೆ ಕೋಣೆ ಕೊಟ್ಟ ಅಜ್ಜಿ ಬಹಳ ಒಳ್ಳೆಯವಳು, ಆದರೆ ಸ್ನಾನಕ್ಕೆ ವಾರಕ್ಕೆ ಎರಡು ದಿನ ಮಾತ್ರ ಬಿಸಿನೀರು ಬಿಡುತ್ತಿದ್ದಳು. ಚೊಂಬಿಲ್ಲದ ಬಚ್ಚಲಿನಲ್ಲಿ ನಾನು ಮೊದಲ ದಿನವೇ ಹೂವಿನ ಪಿಂಗಾಣಿ ಜಾಡಿಯೊಂದನ್ನು ಚೊಂಬು ಮಾಡಿಕೊಂಡೆ. ಅದು ಸತ್ತ ಗಂಡನ ನೆನಪಿನ ಜಾಡಿ ಎಂದು ಎರಡನೆಯ ದಿನ ಗೊತ್ತಾಯಿತು. ಅವಳು ಜಗಳವಾಡಲಿಲ್ಲ. ಜಾಡಿಯನ್ನು ತೊಳೆದು, ಒರೆಸಿ, ನನ್ನ ಕೈಗೆಟುಕದ ಕಪಾಟಿನ ಮೇಲಿಟ್ಟಳು.

ಊರಿನ ಮುಖ ಮಾತ್ರ ಸಾವಿನ ಮನೆಯದು. ಅಲ್ಲಿನ ದೊಡ್ಡ ಕಾರು ಕಾರ್ಖಾನೆಯ ಒಂದು ಭಾಗ ಆಗಲೇ ಮುಚ್ಚಿತ್ತು, ಉಳಿದದ್ದು ಎಂದು ಮುಚ್ಚುತ್ತದೋ ಎಂದು ಕಾಯುತ್ತಿದ್ದರು. ಸಂಜೆಯ ಟೀವಿ ವಾರ್ತೆಯಲ್ಲಿ ದಿನವೂ ಅದೇ. ಊರಾಚೆಯ ಮೈದಾನದಲ್ಲಿ ಮಾರಾಟವಾಗದ ಹೊಸ ಕಾರುಗಳು ಸಾಲುಸಾಲಾಗಿ ಮಳೆಯಲ್ಲಿ ನೆನೆಯುತ್ತ ನಿಂತಿದ್ದವು. ನಮ್ಮಲ್ಲಿ ಒಂದು ಕಾರಿಗೆ ಹೆಸರು ಬರೆಸಿ ವರ್ಷಗಟ್ಟಲೆ ಕಾಯುತ್ತಾರೆ, ಅಷ್ಟರಲ್ಲಿ ಹೆಸರು ಬರೆಸಿದ ಅಪ್ಪ ಹೋಗಿ ಮಗ ತೆಗೆದುಕೊಳ್ಳುವುದೂ ಉಂಟು. ಇಲ್ಲಿ ಕಾರುಗಳೇ ಜನರಿಗಾಗಿ ಕಾಯುತ್ತಿದ್ದವು. ಗೇಟಿನ ಬಳಿ ಗಂಡಸರು ಜೇಬಿನಲ್ಲಿ ಕೈ ಇಟ್ಟುಕೊಂಡು ಸುಮ್ಮನೆ ನಿಂತಿರುತ್ತಿದ್ದರು. ಕೆಲಸ ಹೋದರೂ ಬೆಳಿಗ್ಗೆ ಅಲ್ಲಿಗೆ ಬರುವ ಅಭ್ಯಾಸ ಹೋಗಿರಲಿಲ್ಲ.

ಬ್ಯಾಟರಿ ಕಾರ್ಖಾನೆಗೆ ಹೋದ ಮೊದಲ ದಿನ ನನ್ನನ್ನು ಯಂತ್ರದ ಹತ್ತಿರ ಕರೆದೊಯ್ಯುತ್ತಾರೆಂದು ಪೆನ್ನು, ನೋಟ್‌ಬುಕ್ಕು ಹಿಡಿದು ಸಜ್ಜಾಗಿದ್ದೆ. ಕರೆದೊಯ್ದದ್ದು ನರ್ಸಿನ ಕೋಣೆಗೆ. ಸೀಸದ ವಿಭಾಗಕ್ಕೆ ಕಾಲಿಡುವ ಯಾರದ್ದೇ ಆದರೂ ರಕ್ತ ನೋಡಬೇಕಂತೆ, ಅದು ಅಲ್ಲಿನ ಕಾಯಿದೆ. ದಪ್ಪ ಕನ್ನಡಕದ ನರ್ಸಮ್ಮ ರಕ್ತ ತೆಗೆದುಕೊಂಡಳು. ಆಮೇಲೆ ಬಾಯಿ ತೆರೆಯಲು ಹೇಳಿ ಟಾರ್ಚು ಬಿಟ್ಟು ವಸಡು ನೋಡಿದಳು. ನೋಡಿದಳು, ಮತ್ತೆ ನೋಡಿದಳು. ಹಲ್ಲಿನ ಬುಡದಲ್ಲಿ ನೀಲಿ ಗೆರೆಯಿದೆ ಎಂದಳು. ಎಲೆ ಅಡಿಕೆಯ ಕಲೆ ಇರಬೇಕು ಅಂದೆ. ಎಷ್ಟು ಹಾಕುತ್ತೀರಿ ಎಂದು ಕೇಳಿದಳು. ಮದುವೆ ಮುಂಜಿಯಲ್ಲಿ ಮಾತ್ರ ಎಂದು ನಾನೇ ಹೇಳಬೇಕಾಯಿತು.

ಫಲಿತಾಂಶ ಬರುವವರೆಗೆ ಒಳಗೆ ಬಿಡುವ ಹಾಗಿಲ್ಲ, ಅಲ್ಲಿಯವರೆಗೆ ಹಾಲಿನ ಡಿಪೋದಲ್ಲಿ ಗಾಡಿಗಳನ್ನು ನೋಡಿಕೊಂಡಿರಿ ಎಂದರು. ರೈಲು ನಿಲ್ದಾಣದಲ್ಲಿ ಟಿಕೆಟ್ಟಿಲ್ಲದೆ ಸಿಕ್ಕಿಬಿದ್ದವನ ಹಾಗೆ ನನಗೆ ಅವಮಾನವಾಯಿತು.

ಹಾಲಿನ ಗಾಡಿ

ಆರ್ಥರ್ ಐವತ್ತೈದು ದಾಟಿದ ಹಾಲಿನವನು. ಬೆಳಿಗ್ಗೆ ಅವನ ಪಕ್ಕ ಕೂತು ಬೀದಿ ಬೀದಿ ಸುತ್ತುವುದು ನನ್ನ ಕೆಲಸವಾಯಿತು.

ಗಾಡಿಯ ಬಗ್ಗೆ ಹೇಳಲೇಬೇಕು, ಅದಕ್ಕಾಗಿಯೇ ತಾನೆ ನಾನು ಹೋದದ್ದು. ಮುಂದೆ ಇಬ್ಬರು ಕೂರುವ ಗೂಡು, ಬಾಗಿಲಿಲ್ಲ. ಹಿಂದೆ ಸೀಸೆಗಳ ಕ್ರೇಟುಗಳು, ಮೇಲೊಂದು ಚಪ್ಪರ. ಹೊಟ್ಟೆಯಲ್ಲಿ ಒಂದು ಟನ್ನಿನಷ್ಟು ಬ್ಯಾಟರಿ. ಕ್ಲಚ್ಚಿಲ್ಲ, ಗೇರಿಲ್ಲ, ಒಂದು ಪೆಡಲು ಒತ್ತಿದರೆ ಹೊರಡುತ್ತದೆ, ಬಿಟ್ಟರೆ ನಿಲ್ಲುತ್ತದೆ. ಓಟ ನಮ್ಮ ವ್ಯಾನಿಗಿಂತ ಹೆಚ್ಚೇನಿಲ್ಲ. ಆದರೆ ಇನ್ನೂರು ಮನೆಯ ಮುಂದೆ ಇನ್ನೂರು ಸಲ ನಿಂತು ಹೊರಟರೂ ಅದಕ್ಕೆ ದಣಿವಿಲ್ಲ. ನಿದ್ದೆಯಲ್ಲಿರುವ ಬೀದಿಯಲ್ಲಿ ಸೀಸೆಗಳ ಕಿಣಿಕಿಣಿ ಬಿಟ್ಟರೆ ಬೇರೆ ಸದ್ದೇ ಇಲ್ಲ. ನಾವು ಇದೇ ಗಾಡಿಯಿಂದ ಊರೆಲ್ಲ ಓಡಾಡುವ ಕನಸು ಕಂಡಿದ್ದೆವು, ಅವರು ಅದಕ್ಕೆ ಹಾಲು ಹಂಚುವ ಕೆಲಸ ಮಾತ್ರ ಕೊಟ್ಟಿದ್ದರು. ಬುದ್ಧಿವಂತರು ಎನಿಸಿತು. ಇಳಿಜಾರಿನಲ್ಲಿ ಆರ್ಥರ್ ನನಗೆ ಓಡಿಸಲು ಕೊಟ್ಟ. ನಾನು ಎಡಗಾಲಿನಿಂದ ಇಲ್ಲದ ಕ್ಲಚ್ಚನ್ನು ತುಳಿಯುತ್ತ ಒಂದು ಮನೆಯ ಗುಲಾಬಿ ಗಿಡದ ಮೇಲೆ ಹೋದೆ. ಮನೆಯಾಕೆ ಕಿಟಕಿಯಿಂದ ನೋಡಿ, ಏನೂ ಅನ್ನದೆ ಪರದೆ ಎಳೆದುಕೊಂಡಳು. ನಾವಿದ್ದ ಮತ್ತೀಕೆರೆಯಲ್ಲಾಗಿದ್ದರೆ ಬೀದಿಯೇ ಸೇರುತ್ತಿತ್ತು.

ನಾಲ್ಕನೆಯ ದಿನ ಮಳೆಗೆ ಗಾಡಿ ನಿಲ್ಲಿಸಿಕೊಂಡು ಫ್ಲಾಸ್ಕಿನ ಚಹ ಕುಡಿಯುತ್ತಿದ್ದೆವು. ಮಾತಿಗೆ ಮಾತು ಬಂದು ನಾನು ಈರಣ್ಣನ ಬಟ್ಟಲಿನ ಕಥೆ ಹೇಳಿದೆ. ನಗಿಸಲೆಂದೇ ಹೇಳಿದ್ದು. ಆರ್ಥರ್ ನಗಲಿಲ್ಲ.

“ನಿನ್ನ ಭಾಮೈದ ಏನು ಕೆಲಸ ಮಾಡ್ತಾನೆ?” ಎಂದು ಕೇಳಿದ. ಅವನ ಇಂಗ್ಲಿಷು ನನಗೆ ಅರ್ಧ ಮಾತ್ರ ಅರ್ಥವಾಗುತ್ತಿತ್ತು, ಈ ಮಾತು ಪೂರ್ತಿ ಅರ್ಥವಾಯಿತು. ಸೀಸ ಹೊಯ್ಯುತ್ತಾನೆ, ಪ್ಲೇಟು ಉಜ್ಜುತ್ತಾನೆ ಎಂದೆ.

ಆರ್ಥರ್ ಎರಡೂ ತೋಳುಗಳನ್ನು ಮುಂದೆ ಚಾಚಿದ. ತೋಳು ನೇರವಾಗಿಯೇ ಇತ್ತು, ಕೈ ಎರಡನ್ನೂ ಮಣಿಕಟ್ಟಿನಿಂದ ಕೆಳಗೆ ಜೋತುಬಿಟ್ಟು ತೋರಿಸಿದ. “ಕೈ ಹೀಗಾಗುತ್ತಾ?” ಎಂದ.

“ಇಷ್ಟಿಲ್ಲ. ಸ್ವಲ್ಪ” ಎಂದೆ. ಹೇಳಿದ ಮೇಲೆ ನೆನಪಾಯಿತು: ಹೊರಡುವಾಗ ಈರಣ್ಣ ಬಾಗಿಲಲ್ಲಿ ನಿಂತು ನಮಸ್ಕಾರ ಮಾಡಿದಾಗ ಅವನ ಬೆರಳುಗಳು ನೆಟ್ಟಗೆ ನಿಂತಿರಲಿಲ್ಲ.

“ನಮ್ಮಪ್ಪ ಈ ಬ್ಯಾಟರಿ ಕಾರ್ಖಾನೇಲೇ ಇದ್ದ. ಕಾಯಿದೆ, ನರ್ಸು, ಏನೂ ಇರಲಿಲ್ಲ ಆಗ. ಮೊದಲು ಹೊಟ್ಟೆನೋವು, ಆಮೇಲೆ ಕೈ. ಕೊನೆಗೆ ಅಂಗಿ ಗುಂಡಿ ನಮ್ಮಮ್ಮ ಹಾಕ್ತಿದ್ದಳು” ಎಂದ ಆರ್ಥರ್. “ಅವನನ್ನ ಅಲ್ಲಿಂದ ಹೊರಗೆ ತೆಗಿ” ಎಂದ. ಆ ಬೆಳಿಗ್ಗೆ ಅವನು ನನ್ನ ಕೈಗೆ ಸ್ಟೀರಿಂಗು ಕೊಡಲಿಲ್ಲ, ನಾನೂ ಕೇಳಲಿಲ್ಲ.

ಗಾಜಿನಾಚೆ

ಮರುದಿನ ನನ್ನ ರಕ್ತದ ಫಲಿತಾಂಶ ಬಂತು. ಅಲ್ಲಿ ಇಪ್ಪತ್ತು ವರ್ಷ ಕೆಲಸ ಮಾಡಿದವರಿಗಿಂತ ನನ್ನ ರಕ್ತದಲ್ಲಿ ಸೀಸ ಹೆಚ್ಚು ಇತ್ತು. ವಸಡಿನ ನೀಲಿ ಗೆರೆಯೂ ಅದರದೇ ಗುರುತಂತೆ. ಅವರ ಕೆಲಸಗಾರನೇ ಆಗಿದ್ದರೆ ಅಂದೇ ಸೀಸದ ವಿಭಾಗದಿಂದ ಹೊರಗೆ ಕಳಿಸುತ್ತಿದ್ದರಂತೆ. ನಾನು ಇನ್ನೂ ಒಳಗೇ ಹೋಗಿರಲಿಲ್ಲ, ಹಾಗಾಗಿ ಬಾಗಿಲಲ್ಲೇ ನಿಲ್ಲಿಸಿದರು. ಐದು ಸಾವಿರ ಮೈಲಿ ಬಂದು ನಾನು ಆ ವಿಭಾಗವನ್ನು ನೋಡಿದ್ದು ಒಂದು ಗಾಜಿನ ಕಿಟಕಿಯಿಂದ.

ಗುಟ್ಟು ತಿಳಿದುಕೊಂಡು ಬಾ ಎಂದಿದ್ದರಲ್ಲ ಮುನಿಯಪ್ಪನವರು, ಗುಟ್ಟು ಕಿಟಕಿಯಲ್ಲೇ ಕಂಡಿತು. ಕೆಲಸಗಾರರು ಮನೆಯಿಂದ ಹಾಕಿಕೊಂಡು ಬಂದ ಬಟ್ಟೆಯನ್ನು ಒಂದು ಕೋಣೆಯಲ್ಲಿ ಕಳಚಿ, ಇನ್ನೊಂದು ಕೋಣೆಯಲ್ಲಿ ಕಾರ್ಖಾನೆಯ ಬಟ್ಟೆ ಹಾಕಿಕೊಳ್ಳುತ್ತಿದ್ದರು. ನಡುವೆ ಸ್ನಾನದ ಮನೆ. ಊಟದ ಕೋಣೆಯ ಬಾಗಿಲಲ್ಲಿ ನಲ್ಲಿಗಳ ಸಾಲು, ಸೋಪು, ಉಗುರು ಉಜ್ಜುವ ಬ್ರಷ್ಷು. ಕೈ ತೊಳೆಯದವನನ್ನು ಒಳಗೆ ಬಿಡದಿರಲು ಅಲ್ಲೊಬ್ಬ ನಿಂತಿದ್ದ. ಸೀಸದ ವಿಭಾಗದೊಳಗೆ ಸಿಗರೇಟು ಸೇದುವ ಹಾಗಿಲ್ಲ, ಚಹ ಇಲ್ಲ, ಬಾಯಿಗೆ ಒಂದು ಪೆಪ್ಪರ್‌ಮಿಂಟೂ ಇಲ್ಲ. ಮಡಿ ಮೈಲಿಗೆ ನಮ್ಮ ಸೊತ್ತು ಎಂದುಕೊಂಡಿದ್ದೆ. ಇವರದು ನಮ್ಮ ಅಜ್ಜಿಯ ಮಡಿಗಿಂತ ಕಟ್ಟುನಿಟ್ಟು.

ನರ್ಸಮ್ಮ ಒಂದು ಹಾಳೆ ತೆಗೆದುಕೊಂಡು ಕೂತಳು. ನಿಮ್ಮ ಶೆಡ್ಡಿನಲ್ಲಿ ಕೆಲಸದ ಹೊತ್ತಿನಲ್ಲಿ ಏನಾದರೂ ತಿನ್ನುತ್ತೀರಾ ಎಂದು ಕೇಳಿದಳು.

ಆಗಲೂ ನನಗೆ ಹೊಳೆಯಲಿಲ್ಲ ನೋಡಿ. ಸೀಸದಿಂದ ಕಾಯಿಲೆ ಬರುತ್ತದೆ ಎಂಬುದು ಅರ್ಥವಾಗಿತ್ತು. ನಾನು ಅದಕ್ಕೆ ಮದ್ದು ಕೊಡುತ್ತಿದ್ದೇನೆ ಎಂದೇ ತಿಳಿದಿದ್ದೆ. ತಿನ್ನುವುದಿಲ್ಲ, ಆದರೆ ಧೂಳು ಇಳಿಯಲೆಂದು ಸಂಜೆ ಬೆಲ್ಲ ಕೊಡುತ್ತೇವೆ ಎಂದು ಹೆಮ್ಮೆಯಿಂದ ಹೇಳಿದೆ. ಎಲ್ಲಿ ಕೊಡುತ್ತೀರಿ ಎಂದಳು. ಶೆಡ್ಡಿನಲ್ಲೇ. ಯಾರು ಕೊಡುತ್ತಾರೆ? ನಾನೇ, ನನ್ನ ಕೈಯಾರೆ. ಕೈ ತೊಳೆಯುವುದು? ಮನೆಗೆ ಹೋದ ಮೇಲೆ.

ಅವಳು ಪೆನ್ನು ಕೆಳಗಿಟ್ಟಳು. ಬೆಲ್ಲ ಏನೆಂದು ಅವಳಿಗೆ ಗೊತ್ತಿರಲಿಲ್ಲ, ಅಂಟು ಅಂಟಾದ ಪದಾರ್ಥವೇ ಎಂದು ಕೇಳಿದಳು. ಹೌದೆಂದೆ. ಬೈಯಲಿಲ್ಲ. ಧೂಳು ಇಳಿಯುವುದಿಲ್ಲ, ಕೈಗೆ ಅಂಟಿದ ಸೀಸವೆಲ್ಲ ಅದರ ಜೊತೆಗೆ ಹೊಟ್ಟೆಗೆ ಹೋಗುತ್ತದೆ ಎಂದು, ಮಕ್ಕಳಿಗೆ ಹೇಳುವ ಹಾಗೆ, ಮೆಲ್ಲಗೆ ಬಿಡಿಸಿ ಹೇಳಿದಳು. ಮೂರು ವರ್ಷ, ಭಾನುವಾರ ಬಿಟ್ಟು ಒಂದು ದಿನವೂ ತಪ್ಪಿಸದೆ ಕೊಟ್ಟಿದ್ದೆ. ನನಗೆ ಅಲ್ಲೇ ಅಳು ಬಂತು. ಪರದೇಶದಲ್ಲಿ, ಹೆಂಗಸಿನ ಮುಂದೆ, ಕೋಟು ಹಾಕಿಕೊಂಡು ಅತ್ತೆ.

ಟ್ರಂಕ್ ಕಾಲ್

ಕಾರ್ಖಾನೆಯ ಆಫೀಸಿನಿಂದಲೇ ಮುನಿಯಪ್ಪನವರಿಗೆ ಕಾಲ್ ಬುಕ್ ಮಾಡಿಸಿಕೊಟ್ಟರು. ಬೆಳಿಗ್ಗೆಯಿಂದ ಕಾದು ಕೂತವನಿಗೆ ಮಧ್ಯಾಹ್ನ ಲೈನು ಸಿಕ್ಕಿತು. ಅವರ ದನಿ ಬಾವಿಯ ತಳದಿಂದ ಬಂದಂತೆ ಕೇಳುತ್ತಿತ್ತು.

“ಬೆಲ್ಲ ಕೊಡಾದ್ ನಿಲ್ಲಿಸ್ಬೇಕಾ? ಏನಯ್ಯಾ ಇಂಗಂತೀಯ? ಬೆಲ್ಲದಾಗ್ ಏನಿದ್ದಾತು?”

“ಬೆಲ್ಲದಲ್ಲಿ ಏನಿಲ್ಲ ಯಜಮಾನ್ರೇ. ಕೈಯಲ್ಲಿದೆ. ಸೀಸದ ಪುಡಿ ಮೆತ್ತಿರೋ ಕೈಯಲ್ಲೇ ಕೊಡ್ತೀನಿ, ಅದೇ ಥರ ಕೈಯಲ್ಲೇ ಅವರು ತಿಂತಾರೆ. ಅದು ವಿಷ.”

“ಕೈ ತೊಳ್ಕೊಂಡ್ ತಿನ್ನಿ ಅಂತೀನ್ ಬಿಡು.”

“ಆ ಶೆಡ್ಡಲ್ಲಿ ನಲ್ಲಿನೇ ಇಲ್ವಲ್ಲ ಯಜಮಾನ್ರೇ.”

ನಾನು ಈರಣ್ಣನನ್ನು ಇವತ್ತೇ ಸೀಸದ ಶೆಡ್ಡಿನಿಂದ ಹೊರಗೆ ಹಾಕಿ, ಆಸ್ಪತ್ರೆಗೆ ಕಳಿಸಿ ಎಂದು ಕೂಗಿದೆ.

“ಅವ್ನ್ ಎದ್ದೋದ್ರೆ ಪ್ಲೇಟು ಯಾರಯ್ಯಾ ಮಾಡ್ತಾರೆ? ಆರ್ಡ್ರು ಕುತ್ಗೆ ಮಟ ಬಂದು ನಿಂತದೆ. ಆಯ್ತು, ಬೆಲ್ಲ ನಿಲ್ಲಿಸ್ತೀನಿ. ಮಿಕ್ಕಿದ್ದು ನೀನ್ ಬಂದ್ಮ್ಯಾಕೆ ನೋಡಾನ.”

“ನಾನು ಈಗ್ಲೇ ಹೊರಟು ಬಂದ್ಬಿಡ್ಲಾ?”

“ಬ್ಯಾಡ ಬ್ಯಾಡ. ಕಲ್ತೇ ಬಾ.”

ಆ ಮಾತು ಕೇಳಿ ನನಗೆ ಒಳಗೊಳಗೇ ಹಾಯೆನಿಸಿತು. ಇದನ್ನು ಬರೆಯಲು ನಾಚಿಕೆಯಾಗುತ್ತದೆ. ನಾನು ಟಿಕೆಟ್ಟು ಬದಲಾಯಿಸಿಕೊಂಡು ಅವತ್ತೇ ಹೊರಡಬಹುದಿತ್ತು. ಬೆಲ್ಲ ನಿಂತಿತಲ್ಲ, ನಾಲ್ಕೈದು ವಾರದಲ್ಲಿ ಏನಾಗುತ್ತದೆ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡೆ. ಫಾರಿನ್ನಿಗೆ ಹೋದವನು ಅರ್ಧಕ್ಕೆ ಓಡಿಬಂದ ಎಂದು ಜನ ಆಡಿಕೊಳ್ಳುವುದು ಬೇಡವಾಗಿತ್ತು. ಡಿಪೋದಲ್ಲಿ ಮೋಟಾರು ಬಿಚ್ಚುವುದು, ಚಾರ್ಜು ಮಾಡುವುದು, ಬ್ಯಾಟರಿಗೆ ನೀರು ಹೊಯ್ಯುವ ಕ್ರಮ, ಎಲ್ಲ ಕಲಿತೆ. ಶ್ರದ್ಧೆಯಿಂದ ಕಲಿತೆ. ನೋಟ್‌ಬುಕ್ಕು ತುಂಬಿತು.

ಹೆಂಡತಿಗೂ ಕಾಗದ ಬರೆದೆ: ಈರಣ್ಣನನ್ನು ಡಾಕ್ಟರಿಗೆ ತೋರಿಸು. ಯಾಕೆಂದು ಪೂರ್ತಿ ಬರೆಯಲು ಧೈರ್ಯ ಬರಲಿಲ್ಲ. ಅವಳ ತಮ್ಮ ತಾನೆ.

ಐದನೆಯ ವಾರ: ಕಾಗದ

ಆ ವಾರ ಕಾರು ಕಾರ್ಖಾನೆಯ ಉಳಿದ ಭಾಗವೂ ಮುಚ್ಚಿತೆಂದು ಸುದ್ದಿ ಬಂತು. ಅಜ್ಜಿಯ ಮನೆಯ ಪಕ್ಕದಲ್ಲಿದ್ದವನು ಕೆಲಸದ ಪೆಟ್ಟಿಗೆಯನ್ನು ಹೆಗಲ ಮೇಲೆ ಹೊತ್ತು ಮನೆಗೆ ಬಂದದ್ದನ್ನು ಕಿಟಕಿಯಿಂದ ನೋಡಿದೆ. ಬಾಗಿಲ ಮುಂದೆ ಪೆಟ್ಟಿಗೆ ಇಟ್ಟು, ಅದರ ಮೇಲೆಯೇ ಕೂತ. ಬಹಳ ಹೊತ್ತು ಒಳಗೆ ಹೋಗಲಿಲ್ಲ. ನಮ್ಮಲ್ಲಾದರೆ ನಾಲ್ಕು ಜನ ಬಂದು ಸುತ್ತ ಕೂರುತ್ತಿದ್ದರು. ಇಲ್ಲಿ ಅಜ್ಜಿ, “ಅವನನ್ನು ನೋಡಬೇಡಿ, ಅವನಿಗೆ ಕಷ್ಟವಾಗುತ್ತದೆ” ಎಂದು ನನ್ನನ್ನು ಕಿಟಕಿಯಿಂದ ಎಬ್ಬಿಸಿದಳು. ಅದೂ ಒಂದು ರೀತಿಯ ಮರ್ಯಾದೆಯೇ ಇರಬೇಕು.

ಅದೇ ಮಧ್ಯಾಹ್ನ ಈರಣ್ಣನ ಕಾಗದ ಬಂತು. ವಿಳಾಸವನ್ನು ಎರಡು ಸಲ ನೋಡಿದೆ. ಅದು ಅವನ ಅಕ್ಷರವಲ್ಲ. ಒಳಗೂ ಯಾರದೋ ಕಾಗೆ ಕಾಲಿನ ಬರಹ. ಕೊನೆಗೆ ಸಹಿ ಇರಬೇಕಾದಲ್ಲಿ ಹೆಬ್ಬೆಟ್ಟು ಒತ್ತಿತ್ತು. ನಮ್ಮ ವ್ಯಾನುಗಳ ಮೇಲೆ ಅಷ್ಟು ಚಂದದ ಅಕ್ಷರ ಬರೆದವನ ಹೆಬ್ಬೆಟ್ಟು.

‘ಮಾಮಾ ಅವರಿಗೆ ಶಿರಸಾಷ್ಟಾಂಗ. ನಾವೆಲ್ಲ ಅರಾಮ ಅದೀವಿ. ಕೈಗೆ ಸ್ವಲ್ಪ ತ್ರಾಸ ಆಗೇತಿ ಅಂತ ಬಾಜೂ ಮನಿಯವರ ಕಡೆಯಿಂದ ಬರಸೇನಿ. ಡಾಕ್ಟರು ವಾತ ಅಂದು ಎಣ್ಣಿ ಕೊಟ್ಟಾರ. ಮಾಲೀಕರು ಬೆಲ್ಲ ನಿಲ್ಲಿಸಿದರು. ನೀವ ಫೋನ್ ಮಾಡಿ ನಿಲ್ಲಿಸಿರಿ ಅಂತ ಮಂದಿ ಅಂತಾರ. ನಾ ನಂಬಿಲ್ಲ. ನಿಮ್ಮ ಹೆಸರು ಕೆಡಬಾರದು ಅಂತ ನಾವ ಆರು ಮಂದಿ ರೊಕ್ಕ ಕೂಡಿಸಿ ವರ್ಗಣಿ ಹಾಕಿ ಬೆಲ್ಲ ತರಸತೇವಿ. ಡಬ್ಬಿ ಖಾಲಿ ಬಿಟ್ಟಿಲ್ಲ, ಚಿಂತಿ ಮಾಡಬ್ಯಾಡ್ರಿ.’

ಮುನಿಯಪ್ಪನವರು ಬೆಲ್ಲ ನಿಲ್ಲಿಸಿದ್ದರು, ಏಕೆಂದು ಯಾರಿಗೂ ಹೇಳಿರಲಿಲ್ಲ. ಹೇಳಿದ್ದರೆ ಮರುದಿನ ಸೀಸದ ಶೆಡ್ಡಿಗೆ ಯಾರು ಬರುತ್ತಿದ್ದರು? ನಾನೂ ಹೆಂಡತಿಗೆ ಪೂರ್ತಿ ಬರೆದಿರಲಿಲ್ಲ. ಇಬ್ಬರಲ್ಲಿ ಯಾರ ತಪ್ಪು ಹೆಚ್ಚು ಎಂದು ಈಗ ಅಳೆದು ಪ್ರಯೋಜನವಿಲ್ಲ. ಮೂರನೆಯ ದಿನ ನಾನು ವಿಮಾನದಲ್ಲಿದ್ದೆ. ನರ್ಸಮ್ಮ ನನ್ನ ಫಲಿತಾಂಶದ ಚೀಟಿಯ ಜೊತೆಗೆ, ನಿಮ್ಮೂರಿನ ಡಾಕ್ಟರಿಗೆ ತೋರಿಸಿ ಎಂದು ಎರಡು ಪುಟದ ಪತ್ರ ಬರೆದುಕೊಟ್ಟಿದ್ದಳು.

ಮತ್ತೆ ಯಶವಂತಪುರ

ಬೊಂಬಾಯಿಯಿಂದ ರೈಲು ಹಿಡಿದು ಬಂದು ಯಶವಂತಪುರದಲ್ಲಿ ಇಳಿದೆ. ಮುನಿಯಪ್ಪನವರು ಹಾರ ತಂದಿದ್ದರು. “ಏನ್ ಸಮಾಚಾರ? ಗುಟ್ಟು ಸಿಕ್ತಾ?” ಎಂದರು. ಹಾರವನ್ನು ಕೈಯಲ್ಲೇ ಹಿಡಿದುಕೊಂಡು, ಪೆಟ್ಟಿಗೆಯನ್ನು ಅವರ ಕಾರಿನಲ್ಲಿ ಬಿಟ್ಟು, ನೇರ ಶೆಡ್ಡಿಗೆ ನಡೆದೆ. ಡಬ್ಬಿಯನ್ನು ಹೊರಗೆ ಒದ್ದೆ. ಆರು ಜನರನ್ನೂ, ಅಲ್ಲ, ಐದು ಜನರನ್ನು ನಿಲ್ಲಿಸಿ ಎಲ್ಲ ಹೇಳಿದೆ. ಮೊದಲು ಅವರು ನನ್ನನ್ನು ನೋಡಿದರು, ಆಮೇಲೆ ಒಬ್ಬೊಬ್ಬರೇ ತಮ್ಮ ಅಂಗೈ ನೋಡಿಕೊಂಡರು.

“ಇಷ್ಟ್ ದಿನ ನಿಮ್ ಕೈಯಲ್ಲೇ ತಿಂದ್ವಲ್ಲ ಮೇಸ್ತ್ರಿ” ಎಂದ ಒಬ್ಬ. ಸಿಟ್ಟಿನಿಂದಲ್ಲ. ಅದಕ್ಕೇ ತಡೆದುಕೊಳ್ಳಲು ಆಗಲಿಲ್ಲ.

ಆಮೇಲಿನದನ್ನು ಬೇಗ ಹೇಳಿ ಮುಗಿಸುತ್ತೇನೆ. ಶೆಡ್ಡಿಗೆ ನಲ್ಲಿ ಬಂತು, ಸೋಪು ಬಂತು, ಕೆಲವು ತಿಂಗಳಲ್ಲಿ ಸೀಸದ ಕೆಲಸವೇ ನಿಂತಿತು. ಬೇರೆಯವರ ಬ್ಯಾಟರಿ ಹಾಕಿ ಇನ್ನೊಂದಷ್ಟು ವ್ಯಾನು ಕಟ್ಟಿದೆವು. ಅಷ್ಟರಲ್ಲಿ ಜಪಾನಿನವರ ಜೊತೆ ಸೇರಿ ಮಾಡಿದ ಹೊಸ ಪೆಟ್ರೋಲ್ ಕಾರುಗಳು ರಸ್ತೆಗೆ ಬಂದವು, ಊರೆಲ್ಲ ಅದರ ಮಾತೇ ಆಯಿತು, ನಮ್ಮ ಬಾಗಿಲು ಮುಚ್ಚಿತು. ಈರಣ್ಣನ ಬಲಗೈ ಒಂದೂವರೆ ವರ್ಷಕ್ಕೆ ಊಟ ಮಾಡುವಷ್ಟು ಬಂತು. ಕುಂಚ ಹಿಡಿಯುವಷ್ಟು ಬರಲಿಲ್ಲ. ಆದರೆ ನಾನು ಬಂದ ದಿನದ್ದನ್ನು ಬರೆಯದೆ ಬಿಟ್ಟರೆ ಇಷ್ಟು ಬರೆದದ್ದು ವ್ಯರ್ಥ.

ಶೆಡ್ಡಿನಿಂದ ಅವನ ಮನೆಗೆ ಹೋದೆ. ಈರಣ್ಣ ಗೋಡೆಗೆ ಒರಗಿ ಕೂತಿದ್ದ, ಎರಡೂ ಕೈ ತೊಡೆಯ ಮೇಲೆ ಬೇರೆ ಯಾರದೋ ತಂದಿಟ್ಟ ಹಾಗೆ ಬಿದ್ದಿದ್ದವು. ನಾನು ಅವನ ಮುಂದೆ ಕೂತು, ನನ್ನಿಂದಲೇ ಹೀಗಾಯಿತು ಎಂದು ಹೇಳಿದೆ. ಬೆಲ್ಲದ ವಿಷಯ ಬಿಡಿಸಿ ಬಿಡಿಸಿ ಹೇಳಿದೆ. ಅವನು ಪೂರ್ತಿ ಕೇಳಿದ.

“ಅಳಬ್ಯಾಡ್ರಿ ಮಾಮಾ. ಗೊತ್ತಿದ್ರ ನೀವ್ ಕೊಡ್ತಿದ್ರೇನ?” ಎಂದ. ಆಮೇಲೆ ಏನನ್ನೋ ಲೆಕ್ಕ ಹಾಕುವವನ ಹಾಗೆ ತನ್ನ ಅಂಗಿಯ ಕಿಸೆ ನೋಡಿಕೊಂಡ. “ಆದ್ರ ಮಾಮಾ, ನಾ ತಿಂದಿದ್ದ ಬಾಳ ಕಡಿಮಿ. ಒಂದ್ ಚೂರ್ ಕಡಕೊಂಡು, ಉಳಿದಿದ್ದ ಅಂಗಿ ಕಿಸೆದಾಗ ಇಟ್ಕೊಂಡ್ ಬರ್ತಿದ್ದೆ. ಗಂಗಾ ಬಾಗಲದಾಗ ನಿಂತಿರ್ತಿತ್ತಲ್ಲ.”

ಗಂಗಾ ಮೂಲೆಯಲ್ಲಿ ಚಾಪೆಯ ಮೇಲೆ ಮಲಗಿದ್ದಳು, ಹೊಟ್ಟೆ ಹಿಡಿದುಕೊಂಡು. ನಾನು ಬಂದದ್ದಕ್ಕೂ ಎದ್ದಿರಲಿಲ್ಲ.

ಅವಳನ್ನು ಎತ್ತಿಕೊಂಡು ದೊಡ್ಡಾಸ್ಪತ್ರೆಗೆ ಓಡಿದೆವು. ಎತ್ತಿಕೊಂಡವನು ನಾನು, ಅವಳಪ್ಪನಿಗೆ ಆಗುತ್ತಿರಲಿಲ್ಲ. ಡಾಕ್ಟರು ಚಿಕ್ಕ ವಯಸ್ಸಿನವರು. ಬೆಲ್ಲದ ವಿಷಯ ನಾನೇ ಹೇಳಿದೆ. ನರ್ಸಮ್ಮನ ಪತ್ರವನ್ನು ಎರಡು ಸಲ ಓದಿದರು, ನನ್ನ ಚೀಟಿಯನ್ನು ನೋಡಿದರು. ಮಗುವಿನ ಕೆಳತುಟಿಯನ್ನು ಬೆರಳಿನಿಂದ ಕೆಳಗೆಳೆದು ಬೆಳಕಿಗೆ ಹಿಡಿದರು. ನಾನು ಬೇರೆ ಕಡೆ ನೋಡಿದೆ.

“ಎಷ್ಟು ದಿನದಿಂದ ತಿಂತಿದೆ ಮಗು?” ಎಂದು ಕೇಳಿದರು.

“ಹಲ್ಲ ಬಂದಾಗಿಂದ್ರೀ” ಎಂದ ಈರಣ್ಣ.